ಕನ್ವರ್ಟರ್ ಬರುವಷ್ಟರಲ್ಲಿ

ವಿದ್ಯಾನಗರ, ಶಿವಮೊಗ್ಗ
2 ಸೆಪ್ಟೆಂಬರ್ 2024

ಶ್ರೀ ವೆಂಕಟಾಚಲ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ವಿಳಾಸ ಕೊಟ್ಟವರು ಇಲ್ಲಿ ಗ್ಯಾರೇಜ್ ನಡೆಸುವ ರುದ್ರೇಶ್. "ಟಾರ್ಕ್ ಕನ್ವರ್ಟರ್ ಬಿಚ್ಚಿ ಕಟ್ಟೋ ಕೈ ಇಲ್ಲಿ ಸುತ್ತಮುತ್ತ ಒಂದೇ ಇರೋದು, ಅದು ಭದ್ರಾವತಿ ನ್ಯೂಟೌನಲ್ಲಿದೆ. ಫೋನ್ ಮಾಡಕ್ಕೆ ಹೋಗ್ಬೇಡಿ. ಅವರಿಗೆ ಕಿವಿ ಕೇಳಲ್ಲ, ಮೊಬೈಲೂ ಇಟ್ಟಿಲ್ಲ. ಕಾಗದ ಬರೀರಿ, ಉತ್ತರ ಬಂದೇ ಬರುತ್ತೆ" ಎಂದರು. ಶಾಲೆ ಬಿಟ್ಟ ಮೇಲೆ ನಾನು ಕಾಗದ ಬರೆದವನಲ್ಲ. ರೀತಿ ತಪ್ಪಿದ್ದರೆ ಮನ್ನಿಸಿ.

ನೆಹರೂ ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ವಯಸ್ಸು ನಲವತ್ತೊಂದು. ಹದಿನಾಲ್ಕು ವರ್ಷದಿಂದ ನನ್ನ ಬಳಿ ಒಂದೇ ಕಾರು, ಎರಡು ಲೀಟರಿನ ಪೆಟ್ರೋಲ್ ಸೆಡಾನ್. ಅದರಲ್ಲೇ ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿದ್ದೇನೆ, ಗೆದ್ದಿದ್ದೇನೆ, ಎರಡು ಸಲ ಮಗುಚಿದ್ದೇನೆ. ಈಗ ಎಂಜಿನ್ನಿಗೆ ಟರ್ಬೊ ಹಾಕಿಸಿ, ಕ್ಯಾಮ್ ಬದಲಿಸಿ, ಅದೇ ಮಾದರಿಯ ಇನ್ನೊಂದು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ್ದೇವೆ. ತೊಂದರೆ ಇಷ್ಟೇ: ಹೊರಡುವಾಗ ಕಾರು ಊಟ ಮಾಡಿ ಎದ್ದವರ ಹಾಗೆ ಹೊರಡುತ್ತದೆ. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಹುಲಿ. ಕಂಪನಿಯ ಕನ್ವರ್ಟರ್ ಇರುವವರೆಗೂ ಹೀಗೇ ಎಂದು ರುದ್ರೇಶ್ ಹೇಳುತ್ತಾರೆ. ಫೆಬ್ರವರಿಯಲ್ಲಿ ಕೊಯಮತ್ತೂರಿನ ಹತ್ತಿರ ಕಾಲು ಮೈಲಿಯ ಓಟವಿದೆ. ನನಗೆ ನಾಲ್ಕು ಸಾವಿರ ಸ್ಟಾಲಿನ ಕನ್ವರ್ಟರ್ ಕಟ್ಟಿಕೊಡುತ್ತೀರಾ? ಆದಷ್ಟು ಬೇಗ ಬೇಕು.

ಇತಿ,
ರೂಪೇಶ್


ನ್ಯೂಟೌನ್, ಭದ್ರಾವತಿ
10 ಸೆಪ್ಟೆಂಬರ್ 2024

ರೂಪೇಶ್ ಅವರಿಗೆ,

ಕಾಗದ ತಲುಪಿತು. ನಾಲ್ಕು ಸಾವಿರ ಎಂದು ಯಾರು ಹೇಳಿದರು ನಿಮಗೆ? ಇಂಟರ್ನೆಟ್ಟೇ ಹೇಳಿರಬೇಕು. ನೀವು ಕನ್ನಡಕದವರು. ಗಿರಾಕಿ ಒಳಗೆ ಬಂದು "ನಂಗೆ ಮೈನಸ್ ನಾಲ್ಕು ಕೊಡಿ, ನಮ್ಮ ಭಾವ ಹಾಕ್ಕೊಂಡಿದಾರೆ" ಎಂದರೆ ಕೊಟ್ಟು ಕಳಿಸುತ್ತೀರಾ? ಮೊದಲು ಕಣ್ಣು ನೋಡುತ್ತೀರಿ. ಇದೂ ಹಾಗೇ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ದುಂಡು ಡಬ್ಬಿ ಇರುತ್ತದೆ. ಅದರಲ್ಲಿ ಎದುರು ಬದುರಾಗಿ ಎರಡು ಫ್ಯಾನು. ಎಂಜಿನ್ ಕಡೆಯದು ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆಯ ರಭಸಕ್ಕೆ ಚಕ್ರದ ಕಡೆಯದು ತಿರುಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗುವುದಿಲ್ಲ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಎಲ್ಲಿಯವರೆಗೆ ಏರಿ ನಿಲ್ಲುತ್ತದೋ ಅದು ಸ್ಟಾಲ್. ಅದು ಡಬ್ಬಿಯ ಗುಣ ಮಾತ್ರವಲ್ಲ. ಇದೇ ಡಬ್ಬಿ ಬಡಕಲು ಎಂಜಿನ್ನಿನ ಹಿಂದೆ ಎರಡು ಸಾವಿರಕ್ಕೆ ನಿಂತರೆ ನಿಮ್ಮ ಟರ್ಬೊ ಹಿಂದೆ ಎರಡೂವರೆಗೆ ನಿಲ್ಲುತ್ತದೆ. ಬೇಕಾದ್ದಕ್ಕಿಂತ ಸಡಿಲ ಮಾಡಿದರೆ ಎಂಜಿನ್ ಕಿರುಚುತ್ತದೆ, ಕಾರು ಕದಲುವುದಿಲ್ಲ, ಎಣ್ಣೆ ಬೆಂದು ಹೋಗುತ್ತದೆ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಲೋಡರು, ಡಂಪರುಗಳ ಕನ್ವರ್ಟರ್ ಬಿಚ್ಚಿದ್ದೇನೆ. ಸುಟ್ಟ ಎಣ್ಣೆಯ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ.

ಆದ್ದರಿಂದ ಬರೆದು ತಿಳಿಸಿ. ಕಾರಿನ ತೂಕ ಎಷ್ಟು? ಟರ್ಬೊ ಎಲ್ಲಿ ಎದ್ದೇಳುತ್ತದೆ? ಅತಿ ಹೆಚ್ಚು ಎಳೆತ ಯಾವ ಆರ್‌ಪಿಎಂನಲ್ಲಿ? ಊರೊಳಗೂ ಓಡಿಸುತ್ತೀರಾ? ಓಡಿಸುವವರು ಯಾರು? ಮಣ್ಣಿನಲ್ಲಿ ಓಡಿದವರು ಗೇರನ್ನು ಕೈಯಾರೆ ಹಾಕುವ ಚಪಲ ಬಿಟ್ಟು ಆಟೋಮ್ಯಾಟಿಕ್ಕಿಗೆ ಯಾಕೆ ಬಂದಿರಿ, ಅದನ್ನೂ ಬರೆಯಿರಿ.

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
18 ಸೆಪ್ಟೆಂಬರ್ 2024

ಮಾನ್ಯರೇ,

ನಿಮ್ಮ ಕಾಗದ ಓದಿ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಹೆಂಡತಿ ತನುಜಾ ಅಡುಗೆಮನೆಯಿಂದ ಓಡಿ ಬಂದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. "ಸರಿಯಾಗೇ ಬೈದಿದಾರೆ ಬಿಡಿ. ಯೂನಿಟ್ ಇಲ್ದೆ ಉತ್ತರ ಬರೆಯೋ ಹುಡುಗರ ಥರ ಆಡ್ತೀರಿ ನೀವು" ಎಂದಳು.

ತೂಕ ಸಾವಿರದ ಇನ್ನೂರೈವತ್ತು ಕಿಲೋ. ಟರ್ಬೊ ಮೂರು ಸಾವಿರಕ್ಕೆ ಏಳುತ್ತದೆ, ಮೂರು ಸಾವಿರದ ಏಳುನೂರಕ್ಕೆ ಪೂರ್ತಿ ಎಳೆತ. ಓಟಕ್ಕೆ ಮಾತ್ರವಲ್ಲ, ಭಾನುವಾರ ಊರಲ್ಲೂ ಓಡಿಸುತ್ತೇನೆ. ಓಡಿಸುವವನು ನಾನೇ, ಬೇರೆ ಯಾರಿಗೂ ಕೀ ಕೊಡುವುದಿಲ್ಲ.

ಆಟೋಮ್ಯಾಟಿಕ್ ಯಾಕೆಂದರೆ ಎಡಗಾಲಿನ ಮಂಡಿ. ಹಿಂದೆ ಬೈಕಿನಿಂದ ಬಿದ್ದ ಪೆಟ್ಟು, ಈಗ ಕ್ಲಚ್ ಒತ್ತಲು ಬಿಡುತ್ತಿಲ್ಲ. ದೊಡ್ಡದೇನಲ್ಲ.

ರೂಪೇಶ್


ನ್ಯೂಟೌನ್, ಭದ್ರಾವತಿ
1 ಅಕ್ಟೋಬರ್ 2024

ರೂಪೇಶ್ ಅವರಿಗೆ,

ಲೆಕ್ಕ ಮಾಡಿದೆ. ನಿಮಗೆ ಬೇಕಾದದ್ದು ಮೂರು ಸಾವಿರದ ಇನ್ನೂರು. ಟರ್ಬೊ ಆಗಷ್ಟೇ ಕಣ್ಣು ಬಿಟ್ಟಿರುತ್ತದೆ, ಬ್ರೇಕ್ ಬಿಟ್ಟ ಕೂಡಲೇ ಎಳೆತದ ನಡುಮಧ್ಯಕ್ಕೆ ಹೋಗಿ ಬೀಳುತ್ತೀರಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಬೇರೆಯವರನ್ನು ನೋಡಿಕೊಳ್ಳಿ. ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್ ಹಾಕಿಸಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ.

ನಿಮ್ಮ ಹಳೆಯ ಕನ್ವರ್ಟರ್ ಬಿಚ್ಚಿ ಕಳಿಸಿ. ಹಳೇ ಊರಿನ ಉಜ್ಜನಪ್ಪನ ಲೇತಿನಲ್ಲಿ ಅದನ್ನು ಸೀಳಿ, ಒಳಗಿನ ರೆಕ್ಕೆಗಳ ಓರೆ ಬದಲಿಸಿ, ಮತ್ತೆ ಬೆಸೆದು ಕೊಡುತ್ತೇನೆ. ನವೆಂಬರ್ ಹತ್ತಕ್ಕೆ ಸಿದ್ಧ. ಬಸ್ಸಿಗೆ ಹಾಕಿ ಕಳಿಸುವ ಬದಲು ನೀವೇ ಬನ್ನಿ. ಅರ್ಧ ಗಂಟೆಯ ದಾರಿ. ಗಾಡಿ ಓಡಿಸುವವನ ಕಾಲು ಹೇಗೆ ಕೆಲಸ ಮಾಡುತ್ತದೆಂದು ನೋಡಿದರೆ ನನಗೆ ಅರ್ಧ ಕೆಲಸ ಆದ ಹಾಗೆ. ಶೇಷಮ್ಮ, ಅಂದರೆ ನನ್ನ ಮನೆಯಾಕೆ, ಪಡ್ಡು ಚೆನ್ನಾಗಿ ಮಾಡುತ್ತಾಳೆ.

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
14 ಅಕ್ಟೋಬರ್ 2024

ಮಾನ್ಯರೇ,

ಆಯುಧಪೂಜೆಗೆಂದು ಗ್ಯಾರೇಜ್ ಮುಚ್ಚಿತ್ತು, ಅದಕ್ಕೇ ತಡ. ಕನ್ವರ್ಟರನ್ನು ರುದ್ರೇಶ್ ಕೈಯಲ್ಲೇ ಕಳಿಸಿದ್ದೇನೆ. ಬರಬೇಕೆಂಬ ಆಸೆ ನನಗೂ ಇತ್ತು. ಅಂಗಡಿಯಲ್ಲಿ ಜನ, ಬಿಡುವಾಗಲಿಲ್ಲ. ಪಡ್ಡಿನ ಮಾತು ಉಳಿದಿರಲಿ.

ಅಕ್ಷರ ವಕ್ರವಾಗಿದೆ, ಬೈಯಬೇಡಿ. ಬಲಗೈ ಬೆರಳಿಗೆ ಕಾರಿನ ಬಾಗಿಲು ಬಡಿದಿದೆ. ಅಂಗಡಿಯಲ್ಲಿ ಕನ್ನಡಕದ ಸ್ಕ್ರೂ ಹಿಡಿಯಲೂ ಕಷ್ಟ. ವಾಸಿಯಾಗುತ್ತದೆ.

ಒಂದು ವಿನಂತಿ. ನವೆಂಬರ್ ಹತ್ತು ಎಂದಿರಿ. ಅದು ತಪ್ಪದಿರಲಿ. ಓಟ ಫೆಬ್ರವರಿಯಲ್ಲಾದರೂ ನನಗೆ ಕಾರು ಮೊದಲೇ ಕೈಗೆ ಬೇಕು.

ರೂಪೇಶ್


ನ್ಯೂಟೌನ್, ಭದ್ರಾವತಿ
21 ನವೆಂಬರ್ 2024

ರೂಪೇಶ್ ಅವರಿಗೆ,

ಹತ್ತನೇ ತಾರೀಖು ದಾಟಿತೆಂದು ನನಗೂ ಗೊತ್ತು. ನಿಮ್ಮ ಎರಡು ಕಾರ್ಡೂ ಬಂದವು. ಒಳಗಿನ ಬೇರಿಂಗ್ ಚೆನ್ನೈಯಿಂದ ಬರಬೇಕು, ಇನ್ನೂ ಬಂದಿಲ್ಲ. ನನ್ನ ಕೈಯಲ್ಲಿ ಏನಿದೆ? ಇನ್ನೊಂದು ನಾಲ್ಕು ವಾರ ಆಗಬಹುದು. ಓಟ ಇರುವುದು ಫೆಬ್ರವರಿಯಲ್ಲಿ, ಮೂರು ತಿಂಗಳಿದೆ. ಇಷ್ಟೊಂದು ಅವಸರ ಯಾಕೆ?

ಕಾರ್ಡಿನಲ್ಲಿ ಬರೆದದ್ದು ಓದಲು ಭೂತಗನ್ನಡಿ ಹಿಡಿಯಬೇಕಾಯಿತು. ಬೆರಳು ಒಂದು ತಿಂಗಳಾದರೂ ವಾಸಿಯಾಗಲಿಲ್ಲವೇ? ಬಸ್ಸಿನಲ್ಲಿ ಕೂತು ಬರೆಯುತ್ತೀರೋ ಏನೋ. ಕಾಗದ ಬರೆಯುವಾಗ ಕೂತು ಬರೆಯಿರಿ.

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
7 ಡಿಸೆಂಬರ್ 2024

ಮಾನ್ಯರೇ,

ಇದು ತನುಜಾಳ ಅಕ್ಷರ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಇನ್ನು ಭೂತಗನ್ನಡಿ ಬೇಕಾಗಲಿಕ್ಕಿಲ್ಲ.

ಬೇರಿಂಗ್ ಬಂತೇ? ಇನ್ನೂ ಡಬ್ಬಿ ಬೆಸೆದಿಲ್ಲವೆಂದರೆ ಒಂದು ಬದಲಾವಣೆ. ಮೂರು ಸಾವಿರದ ಇನ್ನೂರು ಬೇಡ, ಎರಡೂವರೆ ಸಾವಿರ ಸಾಕು. ಆಕ್ಸಿಲರೇಟರನ್ನು ಅಷ್ಟು ಗಟ್ಟಿಯಾಗಿ ಒತ್ತದೆಯೇ ಕಾರು ಹೊರಡಬೇಕು. ಪಾದ ಇಟ್ಟರೆ ಸಾಕು, ಹೋಗಬೇಕು. ಕೊಯಮತ್ತೂರಿಗೆ ಹೋಗುವ ವಿಚಾರ ಈಗ ಅಷ್ಟು ಖಚಿತವಿಲ್ಲ. ಆದರೂ ಕಾರು ಬೇಗ ಬೇಕು. ಸಾಧ್ಯವಾದರೆ ಈ ತಿಂಗಳೇ.

ರೂಪೇಶ್


ನ್ಯೂಟೌನ್, ಭದ್ರಾವತಿ
12 ಡಿಸೆಂಬರ್ 2024

ರೂಪೇಶ್ ಅವರಿಗೆ,

ಮದುವೆಗೆ ಅಕ್ಕಿ ಬೇಯಲು ಇಟ್ಟ ಮೇಲೆ "ಅನ್ನ ಬೇಡ, ರೊಟ್ಟಿ ಮಾಡಿ" ಎಂದ ಹಾಗಾಯಿತು ನಿಮ್ಮದು. ಮೂರು ತಿಂಗಳ ಹಿಂದೆ ನಾಲ್ಕು ಸಾವಿರ ಬೇಕೆಂದು ಕುಣಿದವರು ಈಗ ಎರಡೂವರೆ ಸಾಕು ಎನ್ನುತ್ತೀರಿ. ಓಟಕ್ಕೂ ಹೋಗುವುದಿಲ್ಲವಂತೆ, ಆದರೆ ಕಾರು ಮಾತ್ರ ನಾಳೆಯೇ ಬೇಕಂತೆ. ಬನ್ನಿ ಎಂದರೆ ಬರುವುದಿಲ್ಲ. ಕಾಗದ ಬರೆಯುವುದನ್ನೂ ಹೆಂಡತಿಗೆ ಒಪ್ಪಿಸಿದ್ದೀರಿ. ಅರವತ್ತೆಂಟು ವರ್ಷದವನು ನಾನು, ದೊಡ್ಡವರ ಮನೆಯ ಆಟಿಕೆ ರಿಪೇರಿ ಮಾಡಿಕೊಂಡು ಕೂರಲು ನನಗೆ ಪುರಸೊತ್ತಿಲ್ಲ.

ನೇರವಾಗಿ ಕೇಳುತ್ತೇನೆ. ಕಾಲು ಪೂರ್ತಿ ಒತ್ತಲು ಹೆದರಿಕೆಯೇ? ಹೆದರಿಕೆ ಇದ್ದವರು ಟರ್ಬೊ ಹಾಕಿಸಬಾರದು. ಕಾರನ್ನು ಕೊಟ್ಟುಬಿಡಿ, ಕಾಲಲ್ಲಿ ದಮ್ಮಿರುವವರು ಯಾರಾದರೂ ಓಡಿಸಲಿ.

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
16 ಡಿಸೆಂಬರ್ 2024

ಹಿರಿಯರಾದ ವೆಂಕಟಾಚಲ ಅವರಿಗೆ ತನುಜಾ ಮಾಡುವ ನಮಸ್ಕಾರ.

ಈ ಕಾಗದ ಇವರಿಗೆ ಗೊತ್ತಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಬರೆದದ್ದನ್ನು ಈಗ ನಾನೇ ಇವರಿಗೆ ಓದಿ ಹೇಳುವುದು. ಕಾಗದ ಎತ್ತಿ ಹಿಡಿದುಕೊಳ್ಳಲು ಇವರಿಗೆ ಆಗುವುದಿಲ್ಲ. ನಿಮ್ಮ ಕೊನೆಯ ನಾಲ್ಕು ಸಾಲನ್ನು ನಾನು ಓದಲಿಲ್ಲ. "ಇಷ್ಟೇನಾ? ಬೈಗುಳ ಕಮ್ಮಿ ಇದೆಯಲ್ಲ" ಎಂದರು. ಇಷ್ಟೇ ಎಂದೆ.

ಇವರಿಗೆ ಮಂಡಿ ನೋವಲ್ಲ. ಬೆರಳಿಗೆ ಬಾಗಿಲೂ ಬಡಿದಿಲ್ಲ. ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮೇ ತಿಂಗಳಲ್ಲಿ ಮಣಿಪಾಲದಲ್ಲಿ ಹೇಳಿದರು. ಮೊದಲು ಎಡಗಾಲು ಹೋಯಿತು, ಅದಕ್ಕೇ ಆಟೋಮ್ಯಾಟಿಕ್. ಆಮೇಲೆ ಬಲಗೈ. ಈಗ ಬಲಗಾಲಿನ ಸರದಿ ನಡೆಯುತ್ತಿದೆ. ಇದಕ್ಕೆ ಔಷಧವಿಲ್ಲ, ತಡೆಯೂ ಇಲ್ಲ. ತಲೆ ಮಾತ್ರ ಮೊದಲಿನ ಹಾಗೇ ಇದೆ, ಕೊನೆಯವರೆಗೂ ಇರುತ್ತದಂತೆ. ಅದು ವರವೋ ಶಾಪವೋ ನನಗೆ ತಿಳಿಯದು.

ಕಾಲು ಒತ್ತಲು ಹೆದರಿಕೆ ಇವರಿಗಿಲ್ಲ. ಒತ್ತಲು ಕಾಲಿಲ್ಲ.

"ಅವರಿಗೆ ಹೇಳ್ಬೇಡ ತನು. ಗೊತ್ತಾದ್ರೆ ಅವರೂ ಪಾಪ ಅನ್ನೋಕೆ ಶುರು ಮಾಡ್ತಾರೆ" ಎಂದು ಮೊದಲ ದಿನವೇ ಮಾತು ತೆಗೆದುಕೊಂಡಿದ್ದರು. ಅದನ್ನು ಮುರಿದಿದ್ದೇನೆ. ನಿಮ್ಮ ಮೇಲೆ ಸಿಟ್ಟಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು? ಆದರೆ ಒಂದು ಬೇಡಿಕೆ. ಇವರೇ ಸ್ಟೇರಿಂಗ್ ಹಿಡಿದು ಒಂದು ಸಲ, ಒಂದೇ ಸಲ, ಆ ಕಾರು ಓಡಿಸಬೇಕು. ದಿನಗಳು ಕಡಿಮೆ ಇವೆ. ಕೆಲಸ ಬೇಗ ಮುಗಿಸಿ. ನಾನು ಬರೆದದ್ದು ಇವರಿಗೆ ಗೊತ್ತಾಗದಿರಲಿ.

ತನುಜಾ


ನ್ಯೂಟೌನ್, ಭದ್ರಾವತಿ
20 ಡಿಸೆಂಬರ್ 2024

ಪ್ರಿಯ ರೂಪೇಶ್,

ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ಹಿಂದಿನ ಕಾಗದದಲ್ಲಿ ಮಾತು ಸ್ವಲ್ಪ ಹೆಚ್ಚಾಯಿತು. ವಯಸ್ಸಾದವನ ಬಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಯೋಚಿಸಿ ನೋಡಿದೆ. ಎರಡೂವರೆ ಸಾವಿರವೇ ಸರಿ. ನಿಮ್ಮ ಆಯ್ಕೆ ಒಳ್ಳೆಯದು. ಊರೊಳಗೆ ಓಡಿಸಲು ಹಿತ, ಎಣ್ಣೆಯೂ ಬಿಸಿಯಾಗುವುದಿಲ್ಲ. ಪಾದ ಇಟ್ಟರೆ ಸಾಕು, ಹೊರಡುತ್ತದೆ. ಬೇರೆ ಎಲ್ಲ ಕೆಲಸ ಬದಿಗಿಟ್ಟು ಇದನ್ನೇ ಮಾಡುತ್ತಿದ್ದೇನೆ. ನೀವು ಇಷ್ಟು ದೂರ ಬರುವ ಶ್ರಮ ತೆಗೆದುಕೊಳ್ಳಬೇಡಿ. ಮುಗಿದ ಕೂಡಲೇ ನಾನೇ ತಲುಪಿಸುತ್ತೇನೆ. ಶೇಷಮ್ಮ ನಿಮಗೆ ನಮಸ್ಕಾರ ತಿಳಿಸಿದ್ದಾಳೆ.

ನಿಮ್ಮ ವಿಶ್ವಾಸಿ,
ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
9 ಜನವರಿ 2025

ವೆಂಕಟಾಚಲ ಅವರೇ,

'ಪ್ರಿಯ ರೂಪೇಶ್.' 'ನಿಮ್ಮ ಆಯ್ಕೆ ಒಳ್ಳೆಯದು.' 'ಶ್ರಮ ತೆಗೆದುಕೊಳ್ಳಬೇಡಿ.' ತನುಜಾ ಓದುತ್ತಿದ್ದಂತೆ ನನಗೆ ತಿಳಿದುಹೋಯಿತು. ಈ ದನಿ ನನಗೆ ಚೆನ್ನಾಗಿ ಗೊತ್ತು. ಗೊತ್ತಾದ ಮೇಲೆ ಎಲ್ಲರೂ ಹೀಗೇ ಮಾತಾಡುತ್ತಾರೆ, ಆಸ್ಪತ್ರೆಯಲ್ಲಿ ಚಪ್ಪಲಿ ಬಿಟ್ಟು ನಡೆದ ಹಾಗೆ. ಅಂಗಡಿಯ ಪಕ್ಕದವರು, ನನ್ನ ಜೊತೆ ಓಡಿದ ಹುಡುಗರು, ನಮ್ಮ ಅಣ್ಣ. ಹೇಳಿದ್ದು ಯಾರು ಎಂದು ಕೇಳಿದೆ. ಪೆನ್ನು ನಿಂತಿತು. "ನಾನೇ" ಎಂದಳು. "ಬರಿ" ಎಂದೆ. ಬರೆಯುತ್ತಿದ್ದಾಳೆ.

ನಿಮ್ಮ ಕಾಗದ ಬಂದ ದಿನ ನಾನು ಕಾಯಿಲೆಯವನಾಗಿರುತ್ತಿರಲಿಲ್ಲ. ತಪ್ಪು ಲೆಕ್ಕ ಕೊಟ್ಟ ಗಿರಾಕಿ, ಅಕ್ಷರ ಕೆಟ್ಟ ಸೋಮಾರಿ, ಅಷ್ಟೇ. ನನ್ನ ಮೇಲೆ ಸಿಟ್ಟು ಮಾಡುತ್ತಿದ್ದವರು ನೀವೊಬ್ಬರೇ ಉಳಿದಿದ್ದಿರಿ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಈಗ ಸರಿಯಾದ ಲೆಕ್ಕ ಕೊಡುತ್ತೇನೆ. ಹೊಸ ವರ್ಷದ ದಿನ ನಿಂತ ಕಾರಿನಲ್ಲಿ ಕೂತು ನೋಡಿದೆ. ಬಲಗಾಲು ಆಕ್ಸಿಲರೇಟರ್ ಮೇಲೆ ಹೋಯಿತು, ಅಲ್ಲಿಂದ ಬ್ರೇಕಿಗೆ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಬ್ರೇಕಿಗೆ ಬಾರದ ಕಾಲಿನಿಂದ ಕಾರು ಓಡಿಸುವಷ್ಟು ಹುಚ್ಚು ನನಗಿಲ್ಲ. ಆದ್ದರಿಂದ ಓಡಿಸುವವರು ಬದಲಾಗಿದ್ದಾರೆ. ತನುಜಾ ಓಡಿಸುತ್ತಾಳೆ. ಅವಳು ಇಲ್ಲಿಯವರೆಗೆ ಸ್ಕೂಟರನ್ನು ನಲವತ್ತರ ಮೇಲೆ ಓಡಿಸಿದವಳಲ್ಲ, ಕಾರನ್ನು ಈಗಷ್ಟೇ ರುದ್ರೇಶ್ ಹತ್ತಿರ ಕಲಿಯುತ್ತಿದ್ದಾಳೆ. ನಾನು ಪಕ್ಕದಲ್ಲಿ. ಕುತ್ತಿಗೆ ನಿಲ್ಲುವುದಿಲ್ಲ, ಕಾಲರ್ ಹಾಕಿರುತ್ತಾರೆ. ಜರ್ಕ್ ಹೊಡೆಯಬಾರದು. ಅದಕ್ಕೆ ತಕ್ಕ ಹಾಗೆ ಕಟ್ಟಿ.

ಬಂದರೆ ಸಂತೋಷ. ಆದರೆ ನಿಮಗೆ ಕೇಳಿಸುವುದಿಲ್ಲ, ನನ್ನ ಮಾತು ತನುಜಾಳನ್ನು ಬಿಟ್ಟು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಒಳ್ಳೆಯ ಜೋಡಿ.

ರೂಪೇಶ್


ನ್ಯೂಟೌನ್, ಭದ್ರಾವತಿ
15 ಜನವರಿ 2025

ರೂಪೇಶ,

ಸುಳ್ಳುಗಾರ ಮಾರಾಯ ನೀನು. ಮಂಡಿ ಅಂತೆ, ಬಾಗಿಲು ಅಂತೆ. ಮೊದಲ ಕಾಗದದಲ್ಲೇ ನಿಜ ಹೇಳಿದ್ದರೆ ಮೂರು ಸಾವಿರದ ಇನ್ನೂರರ ಲೆಕ್ಕ ನಾನು ಹಾಕುತ್ತಲೇ ಇರಲಿಲ್ಲ. ಇರುವ ಡಬ್ಬಿಯನ್ನೇ ಚೂರು ಸರಿಮಾಡಿ ಹದಿನೈದು ದಿನದಲ್ಲಿ ಕೊಡುತ್ತಿದ್ದೆ. ಓಡಿಸುವವರು ಯಾರು, ಆಟೋಮ್ಯಾಟಿಕ್ ಯಾಕೆ ಎಂದು ನಾನು ಕೇಳಿರಲಿಲ್ಲವೇ? ಇಷ್ಟು ಬೈದದ್ದು ಸಾಕೋ?

ಇನ್ನು ನನ್ನ ಸುಳ್ಳು. ಇದನ್ನು ಬರೆಯಲು ಐದು ದಿನ ಬೇಕಾಯಿತು.

ಚೆನ್ನೈಯಿಂದ ಬರಬೇಕಾದ ಬೇರಿಂಗ್ ಯಾವುದೂ ಇರಲಿಲ್ಲ. ನವೆಂಬರ್ ಎಂಟಕ್ಕೆ ನಿನ್ನ ಕನ್ವರ್ಟರ್ ಮುಗಿದಿತ್ತು. ಮೂರು ವರ್ಷದಿಂದ ನನ್ನ ಕೈ ನಡುಗುತ್ತದೆ, ಶೇಷಮ್ಮನಿಗೂ ಉಜ್ಜನಪ್ಪನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬೆಸೆಯುವಾಗ ಒಂದು ರೆಕ್ಕೆ ಓರೆಯಾಯಿತು. ಉಜ್ಜನಪ್ಪ ಕೈಸನ್ನೆ ಮಾಡಿ ತೋರಿಸಿದ, ಬಿಚ್ಚೋಣ ಎಂದ. ನಾನು ನೋಡಿಯೂ ನೋಡದವನ ಹಾಗೆ ಡಬ್ಬಿ ಮುಚ್ಚಿದೆ. ಲೇತಿನಲ್ಲಿ ಜೋರಾಗಿ ತಿರುಗಿಸಿದಾಗ ಅದು ಕಿತ್ತು, ಪಕ್ಕದ ಆರು ರೆಕ್ಕೆಗಳನ್ನೂ ಹರಿದು ಹಾಕಿತು. ನನಗೆ ಸದ್ದು ಕೇಳಿಸಲಿಲ್ಲ. ಉಜ್ಜನಪ್ಪ ಓಡಿ ಬಂದು ಸ್ವಿಚ್ ಆರಿಸಿದ್ದನ್ನು ನೋಡಿ ಗೊತ್ತಾಯಿತು.

ನನ್ನ ಕೈಲಿ ಆಗಲಿಲ್ಲ ಎಂದು ಬರೆಯಲು ನಾಚಿಕೆಯಾಯಿತು. ಇನ್ನೊಂದು ಹಳೆಯ ಕನ್ವರ್ಟರ್ ಹುಡುಕಿ, ಉಜ್ಜನಪ್ಪನ ಕೈಯಲ್ಲಿ ಬೆಸೆಸುವುದೆಂದು ಕೂತೆ. ಹುಡುಕಲು ವಾರಗಳು ಹೋದವು. ನಿಜ ಬರೆದಿದ್ದರೆ ನೀನು ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ಮಾಡಿಸಿಕೊಳ್ಳುತ್ತಿದ್ದೆ. ನವೆಂಬರಿನಲ್ಲಿ ನಿನ್ನ ಬಲಗಾಲು ನಿನ್ನ ಮಾತು ಕೇಳುತ್ತಿತ್ತು. ನಿನ್ನ ಕಾರನ್ನು ನೀನೇ ಓಡಿಸುತ್ತಿದ್ದೆ. ಅದನ್ನು ನಾನು ಕಿತ್ತುಕೊಂಡೆ.

ಈಗಿನದು ಸಿದ್ಧವಾಗಿದೆ. ಬೆಸುಗೆ ಪೂರ್ತಿ ಉಜ್ಜನಪ್ಪನದು, ಲೆಕ್ಕ ಮಾತ್ರ ನನ್ನದು. ಸ್ಟಾಲ್ ಎರಡು ಸಾವಿರದ ಮುನ್ನೂರು. ವೇಗ ಏರಿದ ಮೇಲೆ ಒಳಗಿನ ಎರಡು ಫ್ಯಾನನ್ನೂ ಒಂದಾಗಿ ಬಿಗಿಯುವ ಲಾಕಪ್ ಕ್ಲಚ್ ಹಿಡಿಯುವಾಗ ಸಣ್ಣದೊಂದು ಜರ್ಕ್ ಬರುತ್ತದೆ. ಎಣ್ಣೆ ಹೋಗುವ ರಂಧ್ರ ಕಿರಿದು ಮಾಡಿ ಅದನ್ನು ಮೆತ್ತಗೆ ಹಿಡಿಯುವ ಹಾಗೆ ಮಾಡಿದ್ದೇನೆ. ನಿನ್ನ ಕುತ್ತಿಗೆಗೆ ಗೊತ್ತಾಗುವುದಿಲ್ಲ. ಬೇಕೆಂದರೆ ಬರೆ, ತರುತ್ತೇನೆ. ಬೇಡವೆಂದರೂ ಬರೆ.

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
21 ಜನವರಿ 2025

ನಿಮ್ಮ ಕಾಗದ ಓದಿಸಿಕೊಂಡೆ. ನನ್ನ ಬಲಗಾಲು ಡಿಸೆಂಬರ್ ಹದಿನೈದರವರೆಗೆ ಬ್ರೇಕ್ ಒತ್ತುತ್ತಿತ್ತು. ಇದನ್ನು ನೀವು ತಿಳಿದಿರಬೇಕು.

ಕನ್ವರ್ಟರ್ ತನ್ನಿ.

ರೂಪೇಶ್


ನ್ಯೂಟೌನ್, ಭದ್ರಾವತಿ
22 ಮಾರ್ಚ್ 2025

ತನುಜಮ್ಮನಿಗೆ,

ರುದ್ರೇಶ್ ನಿನ್ನೆ ಬಂದು ಚೀಟಿಯಲ್ಲಿ ಬರೆದು ತೋರಿಸಿದ. ಹನ್ನೊಂದನೇ ತಾರೀಖು ಹೋದರಂತೆ. ಕಾರ್ಯ ಎಲ್ಲ ಮುಗಿದ ಮೇಲೆ ನನಗೆ ಸುದ್ದಿ. ದೂರುತ್ತಿಲ್ಲಮ್ಮ, ನಿಮಗೆ ಆ ಹೊತ್ತಿನಲ್ಲಿ ನನ್ನ ನೆನಪು ಯಾಕೆ ಬರಬೇಕು.

ಜನವರಿ ಇಪ್ಪತ್ತಾರರಂದು ಕನ್ವರ್ಟರ್ ಕೂರಿಸಲು ಬಂದಾಗ ಅವರನ್ನು ಕಂಡದ್ದೊಂದೇ ಸಲ. ಗ್ಯಾರೇಜಿನ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ನಾಲ್ಕು ಗಂಟೆ ನೋಡುತ್ತಿದ್ದರು. ನಾನು ಗೇರ್‌ಬಾಕ್ಸಿನ ಮೇಲೆ ಅಂಗೈ ಇಟ್ಟು ಎಂಜಿನ್ ಕೇಳಿಸಿಕೊಳ್ಳುವಾಗ ಅವರು ಏನೋ ಹೇಳಿದರು. ಅವರ ತುಟಿ ಓದಲು ನನಗಾಗಲಿಲ್ಲ. ನೀವು ಆಗ ಔಷಧ ತರಲು ಹೋಗಿದ್ದಿರಿ. ನಾನು ಸುಮ್ಮನೆ ತಲೆಯಾಡಿಸಿದೆ. ಏನೆಂದು ಕೇಳಿ ಬರೆಸಿಕೊಳ್ಳುವ ಧೈರ್ಯ ಬರಲಿಲ್ಲ. ನನ್ನ ಮೇಲಿನ ಸಿಟ್ಟಿನ ಮಾತೇ ಇರಬೇಕು ಎಂದು ಹೆದರಿದೆ.

ಕೇಳಬಾರದ ಹೊತ್ತಿನಲ್ಲಿ ಕೇಳುತ್ತಿದ್ದೇನೆ. ಆ ಸಿಟ್ಟು ಕೊನೆಯವರೆಗೂ ಇತ್ತೇ?

ವೆಂಕಟಾಚಲ


ವಿದ್ಯಾನಗರ, ಶಿವಮೊಗ್ಗ
6 ಏಪ್ರಿಲ್ 2025

ಹಿರಿಯರಿಗೆ ನಮಸ್ಕಾರ.

ಯುಗಾದಿ ಈ ಸಲ ಮನೆಯಲ್ಲಿ ಮಾಡಲಿಲ್ಲ. ಉತ್ತರ ತಡವಾಯಿತು.

ಸಮಾಧಾನಕ್ಕೆಂದು ನಿಮಗೆ ಸುಳ್ಳು ಬರೆಯಲಾರೆ. ನಾವು ಮೂವರೂ ಒಬ್ಬರಿಗೊಬ್ಬರು ಸಾಕಷ್ಟು ಸುಳ್ಳು ಹೇಳಿಯಾಯಿತು. ಸಿಟ್ಟು ಇತ್ತು. ಉಸಿರು ಕಷ್ಟವಾದ ದಿನಗಳಲ್ಲಿ "ನವೆಂಬರಲ್ಲಿ ಬಂದಿದ್ರೆ" ಎನ್ನುತ್ತಿದ್ದರು. ನಿಮ್ಮ ಹೆಸರು ಹೇಳುತ್ತಿರಲಿಲ್ಲ. ನಾನು ಅಕ್ಟೋಬರಿನಲ್ಲೇ ಮಾತು ಮುರಿದು ನಿಮಗೆ ಬರೆದಿದ್ದರೆ ಏನಾಗುತ್ತಿತ್ತೆಂದು ನಾನೂ ದಿನಾ ಯೋಚಿಸುತ್ತೇನೆ. ಆ ಲೆಕ್ಕಕ್ಕೆ ಉತ್ತರ ಸಿಕ್ಕಿಲ್ಲ.

ಫೆಬ್ರವರಿ ಎರಡರ ಭಾನುವಾರ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ರುದ್ರೇಶ್ ಬಂದು ಇವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಬೆನ್ನಿಗೆ ದಿಂಬು, ಕುತ್ತಿಗೆಗೆ ಕಾಲರ್, ಎದೆಗೆ ಎರಡು ಬೆಲ್ಟ್. ಸೋಗಾನೆಯ ಕಡೆ ವಿಮಾನ ನಿಲ್ದಾಣಕ್ಕೆ ಹೋಗುವ ಅಗಲ ರಸ್ತೆಗೆ ಹೋದೆವು. ರುದ್ರೇಶ್ ಬೈಕಿನಲ್ಲಿ ಹಿಂದೆ ಬಂದರು. ರಸ್ತೆ ಖಾಲಿ ಇತ್ತು. "ನಿಲ್ಲಿಸು. ಎಡಗಾಲಲ್ಲಿ ಬ್ರೇಕ್ ಒತ್ತಿ ಹಿಡಿ. ಈಗ ಬಲಗಾಲು ಪೂರ್ತಿ" ಎಂದರು. ಒತ್ತಿದೆ. ಎಂಜಿನ್ ಗುಡುಗಿತು, ಕಾರು ಮುಂದಕ್ಕೆ ಬಾಗಿ ನಿಂತಿತು, ಹೋಗಲಿಲ್ಲ. "ಮುಳ್ಳು ಎಲ್ಲಿದೆ ಓದು" ಎಂದರು. ಎರಡು ಸಾವಿರದ ಮುನ್ನೂರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ ಎಂದೆ. "ಬಿಡು" ಎಂದರು. ಬ್ರೇಕ್ ಬಿಟ್ಟೆ.

ಯಾರೋ ಬೆನ್ನ ಹಿಂದೆ ಅಂಗೈ ಇಟ್ಟು ನೂಕಿದ ಹಾಗಿತ್ತು. ಒಂದು ಜರ್ಕ್ ಇಲ್ಲ. ನಾನು ಹೆದರಿ ಕಾಲು ಸಡಿಲಿಸಿದಾಗಲೆಲ್ಲ "ಒತ್ತು ತನು, ಇನ್ನೂ ಒತ್ತು" ಎನ್ನುತ್ತಿದ್ದರು. ನೂರಾ ಇಪ್ಪತ್ತಕ್ಕೆ ಹೋಗಿದ್ದೆ ಎಂದು ಆಮೇಲೆ ರುದ್ರೇಶ್ ಹೇಳಿದ್ದು. ಪಕ್ಕಕ್ಕೆ ನೋಡಿದರೆ ಇವರು ಕಣ್ಣು ಮುಚ್ಚಿದ್ದರು. ಏನಾಯಿತೋ ಎಂದು ಗಾಬರಿಯಾಗಿ ನಿಲ್ಲಿಸಿದೆ. ಏನೂ ಆಗಿರಲಿಲ್ಲ. ಕಾರಿನ ಸದ್ದು ಕೇಳುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ, ನಾನು ಒರೆಸಿದೆ.

ಆಗ ಹೇಳಿದರು: "ತಡ ಮಾಡಿದ ಮಾರಾಯ. ಆದ್ರೆ ಚೆನ್ನಾಗಿ ಕಟ್ಟಿದಾನೆ."

ಇದಿಷ್ಟೇ ನನ್ನ ಬಳಿ ಇರುವುದು. ಇದನ್ನು ಕ್ಷಮೆ ಎಂದುಕೊಳ್ಳುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಅವರು ಅದಕ್ಕೆ ಹೆಸರಿಡಲಿಲ್ಲ. ಗ್ಯಾರೇಜಿನಲ್ಲಿ ನಿಮಗೆ ಏನು ಹೇಳಿದರೋ ನನಗೂ ಗೊತ್ತಿಲ್ಲ. ನಾನಿರಲಿಲ್ಲ, ನಿಮಗೆ ಕೇಳಿಸಲಿಲ್ಲ. ಅದು ಹೋಯಿತು.

ಕಾರು ಕೊಳ್ಳುತ್ತೇವೆ ಎಂದು ಇಬ್ಬರು ಬಂದಿದ್ದರು. ಕೊಡಲಿಲ್ಲ. ಕಳೆದ ಮಂಗಳವಾರದಿಂದ ಅದರಲ್ಲೇ ಶಾಲೆಗೆ ಹೋಗುತ್ತಿದ್ದೇನೆ. ಸಹೋದ್ಯೋಗಿಗಳು ಯಾರಾದರೂ ಜೊತೆಗೆ ಬಂದರೆ ಹಿಂದೆ ಕೂರುತ್ತಾರೆ. ನಾನೇನೂ ಹೇಳಿಲ್ಲ. ಆದರೂ ಮುಂದಿನ ಬಾಗಿಲು ಯಾರೂ ತೆಗೆಯುವುದಿಲ್ಲ. ಇವರ ದಿಂಬು ಇನ್ನೂ ಅಲ್ಲೇ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಆ ಕಡೆ ನೋಡದಿರಲು ಕಷ್ಟವಾಗುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ ಭದ್ರಾವತಿಗೆ ಬರುತ್ತೇನೆ. ಶೇಷಮ್ಮನವರು ಹಿಂದೆ ಕೂರಲಿ. ನೀವು ಮುಂದೆ ಕೂರಬೇಕು. ದಿಂಬನ್ನು ನಾನು ತೆಗೆಯುವುದಿಲ್ಲ. ನನ್ನಿಂದ ಆಗುತ್ತಿಲ್ಲ. ನೀವೇ ತೆಗೆದು ಕೂತುಕೊಳ್ಳಿ.

ತನುಜಾ